ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ತಿರುಗಬೇಕಲ್ಲ!

ಮಳೆಗಾಲ ಬಂತೆಂದರೆ ಕಾಸರಗೋಡು, ವಯನಾಡು ಕಡೆಯ ಅಂಗಳಗಳಲ್ಲಿ ಪಾಚಿ ಕಟ್ಟುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಪಾಚಿಯ ಕಾಟ ಅಷ್ಟಿಲ್ಲದಿದ್ದರೂ ನುಣುಪಾದ ಫರಸಿಯಿದೆ, ಬಚ್ಚಲಲ್ಲಿ ಸೋಪಿನ ನೀರಿದೆ, ಕತ್ತಲಲ್ಲಿ ಕಾಣದ ಹೊಸ್ತಿಲಿದೆ. ಕಾಲು ಜಾರಿದ ಕ್ಷಣದಲ್ಲಿ ಯಾರೂ ಯೋಚಿಸಿ ಬೀಳುವುದಿಲ್ಲ. ತಲೆ, ಮುಖ ಉಳಿಸಿಕೊಳ್ಳಲು ಕೈ ತಾನಾಗಿಯೇ ಮುಂದೆ ಚಾಚುತ್ತದೆ, ಅಂಗೈ ನೆಲಕ್ಕೆ ಊರುತ್ತದೆ, ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಮೊದಲು ಮುರಿಯುವ ಎಲುಬುಗಳಲ್ಲಿ ಇದೂ ಒಂದು. ನಮ್ಮ ಮನೆಗಳಲ್ಲಿ ಒಬ್ಬರಲ್ಲ ಒಬ್ಬ ಅಜ್ಜಿ, ಅತ್ತೆ, ಸೋದರತ್ತೆ ಇದನ್ನು ಅನುಭವಿಸಿದವರೇ.

ಮುರಿದ ಎಲುಬು ಕೂಡುವ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ. ಆರು ವಾರ ಕಾಯುತ್ತಾರೆ, ಎಕ್ಸ್-ರೇ ತೆಗೆಸುತ್ತಾರೆ, ಡಾಕ್ಟರು “ಕೂಡಿದೆ” ಎಂದ ಮೇಲೆ ಪೇಡೆ ಹಂಚಿ ವಿಷಯ ಮರೆಯುತ್ತಾರೆ. ಆದರೆ ಎಲುಬು ಕೂಡುವುದು ಒಂದು ಕೆಲಸ, ಕೈ ಮರಳಿ ಬರುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಶರೀರವೇ ಮಾಡಿಕೊಳ್ಳುತ್ತದೆ. ಎರಡನೆಯದನ್ನು ರೋಗಿಯೇ ಮಾಡಬೇಕು, ಮನೆಯವರು ಮಾಡಲು ಬಿಡಬೇಕು. ಈ “ಬಿಡಬೇಕು” ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರಿಕೆ. ಏಕೆಂದರೆ ಎಷ್ಟೋ ಮನೆಗಳಲ್ಲಿ ಸೊಸೆ, ಮಗಳು ಪ್ರೀತಿಯಿಂದಲೇ “ನೀವು ಕೂತಿರಿ, ಕೈ ಅಲ್ಲಾಡಿಸಬೇಡಿ” ಎಂದು ಎಲ್ಲ ಕೆಲಸ ಕಿತ್ತುಕೊಳ್ಳುತ್ತಾರೆ. ಆರು ತಿಂಗಳ ಮೇಲೆ ನೋಡಿದರೆ ಎಲುಬು ಗಟ್ಟಿಯಾಗಿರುತ್ತದೆ, ಕೈ ಮಾತ್ರ ಮಡಿಲಲ್ಲಿ ಮಡಚಿ ಇಟ್ಟ ವಸ್ತುವಾಗಿರುತ್ತದೆ.

ಮುರಿಯುವುದು ಏನು?

ಮೊಣಕೈಯಿಂದ ಕೆಳಗೆ ಎರಡು ಎಲುಬುಗಳಿವೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಇವುಗಳ ಮುಂದೆ ಎಂಟು ಸಣ್ಣ ಎಲುಬುಗಳು ಎರಡು ಸಾಲಾಗಿ ಜೋಡಿಸಿಕೊಂಡಿವೆ. ಇಷ್ಟೂ ಸೇರಿದ್ದೇ ಮಣಿಕಟ್ಟು. ಬಿದ್ದಾಗ ಸಾಮಾನ್ಯವಾಗಿ ಮುರಿಯುವುದು ರೇಡಿಯಸ್ಸಿನ ತುದಿ. ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ ಇದನ್ನು ವಿವರಿಸಿದ್ದರಿಂದ ಇಂದಿಗೂ ಡಾಕ್ಟರ ಚೀಟಿಯಲ್ಲಿ “ಕಾಲಿಸ್ ಫ್ರ್ಯಾಕ್ಚರ್” ಎಂದೇ ಬರೆಯುತ್ತಾರೆ. ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಅದಕ್ಕೂ ಎಂಬತ್ತೊಂದು ವರ್ಷ ಮೊದಲು, ಬರೀ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಆತ ಅದನ್ನು ಗುರುತಿಸಿದ್ದ. ಆಕಾರ ಸ್ವಲ್ಪ ಸೊಟ್ಟಗೆ ಉಳಿದರೂ ಕಾಲಾಂತರದಲ್ಲಿ ಚಲನೆ ಮರಳುತ್ತದೆ, ನೋವು ಹೋಗುತ್ತದೆ ಎಂಬುದು ಆತನ ಅಭಿಪ್ರಾಯ. ಎಲ್ಲರ ವಿಷಯದಲ್ಲೂ ಇದು ನಿಜವಲ್ಲ, ಆದರೆ ವಯಸ್ಸಾದವರ ಮಟ್ಟಿಗೆ ಬಹಳಷ್ಟು ನಿಜವೆಂದು ಇತ್ತೀಚಿನ ಅಧ್ಯಯನಗಳೂ ತೋರಿಸಿವೆ. ಅರವತ್ತೈದು ದಾಟಿದವರಲ್ಲಿ ಎಕ್ಸ್-ರೇಯಲ್ಲಿ ಎಲುಬು ಕೊಂಚ ಓರೆಯಾಗಿ ಕಂಡರೂ, ವರ್ಷದ ಮೇಲೆ ಅವರ ಕೈ ಕೆಲಸ ಮಾಡುವ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಎಕ್ಸ್-ರೇ ಫಿಲ್ಮನ್ನು ಕಿಟಕಿಗೆ ಹಿಡಿದು “ಸೊಟ್ಟ ಕೂಡಿದೆ” ಎಂದು ಅಜ್ಜಿಯ ಎದುರೇ ಮರುಗುವ ನೆಂಟರು ದಯವಿಟ್ಟು ಸುಮ್ಮನಿರಬೇಕು. ಅಲ್ಲಿ ನೋಡಬೇಕಾದದ್ದು ಫಿಲ್ಮನ್ನಲ್ಲ, ಬೆರಳುಗಳನ್ನು.

ಪ್ರಾಯದವರ ಮಾತು ಬೇರೆ. ಸ್ಕೂಟರಿನಿಂದ ಬಿದ್ದು ಕೀಲಿನೊಳಗೇ ಚೂರಾಗಿದ್ದರೆ ತಂತಿ ಹಾಕುವುದೋ, ಪ್ಲೇಟು ಕೂರಿಸುವುದೋ ಬೇಕಾಗಬಹುದು. ಅದನ್ನು ಮೂಳೆತಜ್ಞರೇ ತೀರ್ಮಾನಿಸಲಿ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಾಗುತ್ತಿದ್ದು ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ “ಬರೀ ಉಳುಕು” ಎಂದು ಬಿಡಬಾರದು. ಸ್ಕಾಫಾಯ್ಡ್ ಎಂಬ ಸಣ್ಣ ಎಲುಬಿನ ಬಿರುಕು ಮೊದಲ ದಿನದ ಎಕ್ಸ್-ರೇಯಲ್ಲಿ ತಪ್ಪಿಸಿಕೊಳ್ಳುವುದುಂಟು. ಹತ್ತು ಹದಿನಾಲ್ಕು ದಿನದ ಮೇಲೆ ಮತ್ತೆ ತೆಗೆಸಬೇಕು. ಆ ಎಲುಬಿಗೆ ರಕ್ತದ ಸರಬರಾಜು ಕಡಿಮೆ, ಗಮನಿಸದಿದ್ದರೆ ಕೂಡದೇ ಉಳಿಯುತ್ತದೆ.

ಪ್ಲಾಸ್ಟರ್ ಇರುವಾಗಲೇ ಕೆಲಸ ಶುರು

ಬಿದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಉಂಗುರ, ಬಳೆ ತೆಗೆಯುವುದು. ಗಂಟೆ ಕಳೆದರೆ ಊತ ಬಂದು ಬಳೆ ಒಡೆಯಬೇಕಾಗುತ್ತದೆ, ಉಂಗುರ ಕತ್ತರಿಸಬೇಕಾಗುತ್ತದೆ. ಮುತ್ತೈದೆಯರು ಕೈ ಬರಿದು ಮಾಡಲು ಹಿಂಜರಿಯುತ್ತಾರೆ. ಇನ್ನೊಂದು ಕೈಯಲ್ಲಿ ಬಳೆ ಇದ್ದೇ ಇರುತ್ತದೆ, ಅಷ್ಟು ಸಾಕು ಎಂದು ಹಿರಿಯರು ಧೈರ್ಯ ಹೇಳಬೇಕು.

ಪ್ಲಾಸ್ಟರ್ ಹಾಕಿದ ಮೇಲೆ ಮೊದಲ ಕೆಲವು ದಿನ ಕೈಯನ್ನು ಎದೆಗಿಂತ ಎತ್ತರದಲ್ಲಿ ಇಟ್ಟುಕೊಳ್ಳಬೇಕು. ಮಲಗುವಾಗ ಎರಡು ದಿಂಬಿನ ಮೇಲೆ ಇಟ್ಟರಾಯಿತು. ಕೈ ಇಳಿಬಿಟ್ಟು ಓಡಾಡಿದರೆ ಬೆರಳು ಊದಿಕೊಳ್ಳುತ್ತವೆ, ಊದಿದ ಬೆರಳು ಮಡಚುವುದಿಲ್ಲ, ಮಡಚದ ಬೆರಳು ಬಿರುಸಾಗುತ್ತವೆ. ಮುಂದಿನ ತೊಂದರೆಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತದೆ.

ಬೆರಳುಗಳ ವ್ಯಾಯಾಮ ಮೊದಲ ದಿನದಿಂದಲೇ ಆಗಬೇಕು. ಪ್ಲಾಸ್ಟರ್ ಅಂಗೈಯ ಮೇಲಿನ ಗೆರೆಯ ಹಿಂದೆಯೇ ನಿಂತಿರಬೇಕು. ಬೆರಳ ಬುಡದ ಗೆಣ್ಣುಗಳು ಪೂರ್ತಿ ಮಡಚುವಂತಿರಬೇಕು. ಗೆಣ್ಣುಗಳೂ ಮುಚ್ಚಿಹೋಗಿದ್ದರೆ ಹಾಕಿದವರಿಗೇ ತೋರಿಸಿ ಸರಿಪಡಿಸಿಕೊಳ್ಳಿ. ಐದೂ ಬೆರಳು ನೇರ ಚಾಚುವುದು, ಗಟ್ಟಿ ಮುಷ್ಟಿ ಕಟ್ಟುವುದು, ಬೆರಳ ತುದಿಗಳನ್ನಷ್ಟೇ ಕೊಕ್ಕೆಯಂತೆ ಮಡಚುವುದು, ಹೆಬ್ಬೆರಳ ತುದಿಯನ್ನು ಒಂದೊಂದು ಬೆರಳಿಗೂ ತಾಗಿಸಿ ಕೊನೆಗೆ ಕಿರುಬೆರಳ ಬುಡಕ್ಕೆ ಮುಟ್ಟಿಸುವುದು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಹತ್ತು ಸಲ. ಜಪಮಣಿ ಎಣಿಸುವ ಅಭ್ಯಾಸವಿದ್ದವರಿಗೆ ಇದು ಹೊಸದಲ್ಲ, ಹೆಬ್ಬೆರಳು ಮಾಡುವ ಕೆಲಸ ಅದೇ.

ಜೋಳಿಗೆಯ ವಿಷಯದಲ್ಲಿ ಒಂದು ಮಾತು. ಕೊರಳಿಗೆ ಬಟ್ಟೆ ಕಟ್ಟಿ ಕೈಯನ್ನು ಹಗಲಿರುಳು ಅದರಲ್ಲೇ ಇಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ಮಣಿಕಟ್ಟು ಸರಿಯಾಯಿತು, ಈಗ ಜಡೆ ಹಾಕಲು ಕೈ ಮೇಲೇಳುತ್ತಿಲ್ಲ ಎಂಬ ಗೋಳು ಇದರಿಂದಲೇ ಬರುವುದು. ದಿನಕ್ಕೆ ನಾಲ್ಕೈದು ಸಲ ಜೋಳಿಗೆಯಿಂದ ಕೈ ತೆಗೆದು, ಮೊಣಕೈ ಬಿಡಿಸಿ ಮಡಚಿ, ತೋಳನ್ನು ತಲೆಯ ಮೇಲೆ ಎತ್ತಿ ಇಳಿಸಬೇಕು.

ತಡಮಾಡದೆ ಡಾಕ್ಟರ ಬಳಿ ಓಡಬೇಕಾದ ಸಂದರ್ಭಗಳಿವೆ. ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಮಾತ್ರೆ ನುಂಗಿದರೂ ತಡೆಯಲಾಗದ ನೋವು ಏರುತ್ತಲೇ ಇದ್ದರೆ, ಬೆರಳನ್ನು ಬೇರೆಯವರು ನೇರ ಮಾಡಿದಾಗ ಜೀವ ಹೋಗುವಷ್ಟು ನೋವಾದರೆ, ಜೋಮು ಹಿಡಿದು ಬಿಡದೇ ಇದ್ದರೆ ರಾತ್ರಿಯಾದರೂ ಸರಿ, ಹೋಗಬೇಕು. ಗಡಿಯಾಚೆ ಇರುವ ನಮಗೆ ಇಲ್ಲೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆ. “ಜೋಮು” ಎಂದರೆ ಅಲ್ಲಿಯ ನರ್ಸಮ್ಮನಿಗೆ ತಿಳಿಯದು. ಆದ್ದರಿಂದ ಮಲಯಾಳದಲ್ಲಿ “ತರಿಪ್ಪು”, ಮರಾಠಿಯಲ್ಲಿ “ಮುಂಗ್ಯಾ ಯೇತಾತ್”, ತೆಲುಗಿನಲ್ಲಿ “ತಿಮ್ಮಿರಿ”, ತಮಿಳಿನಲ್ಲಿ “ಮರತ್ತುಪ್ಪೋಚ್ಚು” ಎಂಬ ಮಾತುಗಳನ್ನು ಮನೆಯ ಹಿರಿಯರು ತಿಳಿದಿರುವುದು ಒಳ್ಳೆಯದು. ವ್ಯಾಯಾಮದ ಚೀಟಿಯೂ ಅಷ್ಟೇ. ಅದು ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ ಇರುತ್ತದೆ. ಫಿಜಿಯೋಥೆರಪಿಯವರು ಕೈಯಿಂದ ಮಾಡಿ ತೋರಿಸುವಾಗ ಮೊಮ್ಮಕ್ಕಳು ಜೊತೆಗಿದ್ದು, ಮನೆಗೆ ಬಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆ ಮನೆಯ ಗೋಡೆಗೆ ಅಂಟಿಸಲಿ.

ನಾಟಿ ಕಟ್ಟಿನ ಬಗ್ಗೆ ಕೇಳುವವರಿದ್ದಾರೆ. ಹೊಸೂರು, ಮಡಕಶಿರಾ ಕಡೆಯವರು ಆಂಧ್ರದ ಪುತ್ತೂರು ಕಟ್ಟಿಗೆ ಹೋಗುವುದು ಹಳೆಯ ರೂಢಿ. ಯಾರಿಗೆ ಯಾವುದರಲ್ಲಿ ನಂಬಿಕೆಯೋ ಅದನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಆದರೆ ಮೊದಲು ಎಕ್ಸ್-ರೇ ಆಗಬೇಕು. ಮತ್ತು ಯಾರು ಕಟ್ಟಿದ ಕಟ್ಟಾದರೂ ಸರಿ, ಬಿಗಿಯಾಗಿ ರಕ್ತ ಓಡದಂತಾದರೆ ಬೆರಳುಗಳೇ ಹೋಗುತ್ತವೆ. ಮೇಲೆ ಹೇಳಿದ ಲಕ್ಷಣ ಕಂಡರೆ ಕಟ್ಟನ್ನು ಕೂಡಲೇ ಬಿಚ್ಚಿಸಬೇಕು. ಕೆಲವು ನಾಟಿ ಕಟ್ಟುಗಳಲ್ಲಿ ಮೊಟ್ಟೆಯ ಬಿಳಿ ಬಳಸುವುದರಿಂದ ನಮ್ಮವರು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಬಿಚ್ಚಿದ ದಿನದ ಗಾಬರಿ

ಐದಾರು ವಾರದ ಮೇಲೆ ಪ್ಲಾಸ್ಟರ್ ತೆಗೆದಾಗ ಕಾಣುವ ಕೈ ಯಾರದೋ ಕೈಯಂತಿರುತ್ತದೆ. ಚರ್ಮ ಒಣಗಿ ಹೊಟ್ಟು ಏಳುತ್ತಿರುತ್ತದೆ, ಮುಂಗೈ ಸೊರಗಿರುತ್ತದೆ, ಮಣಿಕಟ್ಟಿನಲ್ಲಿ ಊತವಿರುತ್ತದೆ, ಅಲ್ಲಾಡಿಸಿದರೆ ನೋವು. “ಎಲುಬು ಕೂಡಿಲ್ಲವೇನೋ” ಎಂಬ ಭಯ ಹುಟ್ಟುವುದು ಸಹಜ. ಇದೆಲ್ಲ ಆರು ವಾರ ಅಲ್ಲಾಡದೆ ಇದ್ದುದರ ಫಲ. ಬಾಗಿಲಿನ ಕೀಲು ಮಳೆಗಾಲವಿಡೀ ತೆರೆಯದಿದ್ದರೆ ತುಕ್ಕು ಹಿಡಿದಂತೆ, ಕೀಲಿನ ಸುತ್ತಲಿನ ಪೊರೆ ಬಿಗಿದಿರುತ್ತದೆ. ಸೀಗೆಕಾಯಿ, ಕಲ್ಲು ಹಾಕಿ ತಿಕ್ಕಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಮೆತ್ತಗೆ ಒರೆಸಿ, ಕೊಬ್ಬರಿ ಎಣ್ಣೆ ಸವರಿ. ತಂತಿ ಹಾಕಿದ್ದು ಹೊರಗೆ ಕಾಣುತ್ತಿದ್ದರೆ ಅಥವಾ ಗಾಯ ಮಾಗಿಲ್ಲದಿದ್ದರೆ ನೀರಿಗೆ ಹಾಕಬಾರದು.

ಎಣ್ಣೆ ಸವರುವುದಕ್ಕೂ ನೀವುವುದಕ್ಕೂ ವ್ಯತ್ಯಾಸವಿದೆ. ಊರಿನಲ್ಲಿ ಕೈ ನೀವುವವರು ಬಂದು ಹಿಡಿದೆಳೆದು “ನರ ಬಿಡಿಸುತ್ತೇನೆ” ಎನ್ನುವುದನ್ನು ಖಂಡಿತ ಬೇಡವೆನ್ನಿ. ಬೇರೆಯವರು ಬಲವಂತವಾಗಿ ಬಗ್ಗಿಸಿದ ಕೀಲು ಊದಿಕೊಂಡು ಇನ್ನಷ್ಟು ಬಿಗಿಯುತ್ತದೆ. ತನ್ನ ಕೈಯನ್ನು ತಾನೇ ಬಗ್ಗಿಸಬೇಕು.

ನಗರಗಳಲ್ಲಿ ಫಿಜಿಯೋಥೆರಪಿಗೆ ದಿನಾ ಹೋಗಬಹುದು. ಹಳ್ಳಿಯಲ್ಲಿ, ಗುಡ್ಡದ ಮೇಲಿನ ಒಂಟಿ ಮನೆಯಲ್ಲಿ ಇರುವವರು ಏನು ಮಾಡಬೇಕು? ನಿರಾಶೆಗೆ ಕಾರಣವಿಲ್ಲ. ತೊಡಕಿಲ್ಲದ ಸರಳ ಮುರಿತವಾಗಿದ್ದರೆ, ಒಂದೆರಡು ಸಲ ಸರಿಯಾಗಿ ಹೇಳಿಸಿಕೊಂಡು ಮನೆಯಲ್ಲೇ ನಿಷ್ಠೆಯಿಂದ ಮಾಡಿದವರಿಗೂ ಹೆಚ್ಚುಕಡಿಮೆ ಅಷ್ಟೇ ಫಲ ಸಿಗುತ್ತದೆ.

ಮೇಜಿನ ಮೇಲೆ ಮುಂಗೈ ಇಟ್ಟು, ಮಣಿಕಟ್ಟಿನಿಂದ ಮುಂದಿನ ಭಾಗ ಅಂಚಿನಿಂದ ಹೊರಗೆ ಜೋತುಬೀಳುವಂತೆ ಕೂತುಕೊಳ್ಳಿ, ಅಂಗೈ ಕೆಳಮುಖವಾಗಿರಲಿ. ಮೇಜಿಲ್ಲದಿದ್ದರೆ ತೊಡೆಯ ಮೇಲೆ ದಿಂಬು ಸಾಕು. ಈಗ ಕೈಯನ್ನು ಮೇಲಕ್ಕೆ ಎತ್ತಿ ಐದು ಎಣಿಸಿ, ಕೆಳಗೆ ಬಗ್ಗಿಸಿ ಐದು ಎಣಿಸಿ. ಇಲ್ಲಿ ಒಂದು ಗುಟ್ಟಿದೆ. ಮೇಲೆತ್ತುವಾಗ ಬೆರಳುಗಳನ್ನು ಸಡಿಲವಾಗಿ ಮಡಚಿಕೊಂಡಿರಬೇಕು, ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದಂತೆ. ಬೆರಳು ಚಾಚಿ ಎತ್ತಿದರೆ ಬೆರಳೆತ್ತುವ ಸ್ನಾಯುಗಳೇ ಎಲ್ಲ ಕೆಲಸ ಮಾಡಿಬಿಡುತ್ತವೆ, ಮಣಿಕಟ್ಟಿನ ಸ್ನಾಯುಗಳು ಸೋಮಾರಿಗಳಾಗಿ ಕೂರುತ್ತವೆ. ಮುಂದೆ ಮುಷ್ಟಿ ಕಟ್ಟಿ ಏನಾದರೂ ಎತ್ತಬೇಕಾದಾಗ ಮಣಿಕಟ್ಟು ಕೆಳಗೆ ಬಾಗಿ ಹಿಡಿತವೇ ತಪ್ಪುತ್ತದೆ. ಆಮೇಲೆ ಕೈಯನ್ನು ಬೀಸಣಿಗೆಯಂತೆ ಹೆಬ್ಬೆರಳ ಕಡೆಗೂ ಕಿರುಬೆರಳ ಕಡೆಗೂ ಓಲಿಸಿ.

ಎರಡನೆಯದು ತಿರುಗಿಸುವುದು. ಎಲ್ಲಕ್ಕಿಂತ ನಿಧಾನವಾಗಿ ಮರಳುವುದು ಅಂಗೈಯನ್ನು ಮೇಲ್ಮುಖ ಮಾಡುವ ಚಲನೆ. ಪ್ರಸಾದಕ್ಕೆ ಕೈ ಒಡ್ಡುವ, ತುತ್ತು ಬಾಯಿಗೆ ಒಯ್ಯುವ, ಅಂಗಡಿಯಲ್ಲಿ ಚಿಲ್ಲರೆ ಪಡೆಯುವ ಚಲನೆ ಅದು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ನಡುವೆ ಒಂದು ಮಡಚಿದ ಟವೆಲು ಸಿಕ್ಕಿಸಿಕೊಳ್ಳಿ. ಟವೆಲು ಬಿದ್ದರೆ ನೀವು ಭುಜದಿಂದ ಮೋಸ ಮಾಡುತ್ತಿದ್ದೀರಿ ಎಂದರ್ಥ. ಅಂಗೈ ಮೇಲೆ, ಅಂಗೈ ಕೆಳಗೆ, ಪ್ರತಿ ಸಲ ಐದು ಎಣಿಸಿ. ಎರಡು ವಾರ ಕಳೆದ ಮೇಲೆ ಸೌಟಿನ ಹಿಡಿಯನ್ನು ಸುತ್ತಿಗೆ ಹಿಡಿದಂತೆ ಹಿಡಿದು ಇದನ್ನೇ ಮಾಡಿ. ಸೌಟಿನ ತಲೆಯ ಭಾರವೇ ಕೈಯನ್ನು ಇನ್ನಷ್ಟು ತಿರುಗಿಸುತ್ತದೆ. ಭಾರ ಹೆಚ್ಚೆನಿಸಿದರೆ ಹಿಡಿಯನ್ನು ಇನ್ನೂ ಮುಂದೆ ಹಿಡಿಯಿರಿ.

ಮೂರನೆಯದು ನಮಸ್ಕಾರ. ಎದೆಯ ಮುಂದೆ ಕೈ ಜೋಡಿಸಿ, ಅಂಗೈಗಳು ಬಿಡದಂತೆ ನಿಧಾನವಾಗಿ ಮೊಣಕೈಗಳನ್ನು ಅಗಲಿಸುತ್ತ ಕೈಗಳನ್ನು ಹೊಟ್ಟೆಯ ಕಡೆಗೆ ಇಳಿಸಬೇಕು. ಗಟ್ಟಿ ಕೈ ಬಿರುಸು ಕೈಗೆ ಪಾಠ ಹೇಳುತ್ತದೆ. ವಿದೇಶದ ಅಧ್ಯಯನಗಳಲ್ಲಿ ದಿನನಿತ್ಯದ ಹೆಚ್ಚಿನ ಕೆಲಸಗಳಿಗೆ ಮಣಿಕಟ್ಟು ಹಿಂದಕ್ಕೆ 40 ಡಿಗ್ರಿ, ಮುಂದಕ್ಕೆ 40 ಡಿಗ್ರಿ ಬಾಗಿದರೆ ಸಾಕು, ಮುಂಗೈ ಎರಡೂ ಕಡೆ 50 ಡಿಗ್ರಿ ತಿರುಗಿದರೆ ಸಾಕು ಎಂದಿದೆ. ಅದು ಕುರ್ಚಿಯಲ್ಲಿ ಕೂತು ಚಮಚದಲ್ಲಿ ಉಣ್ಣುವವರ ಲೆಕ್ಕ. ಮೊಣಕೈ ಅಗಲಿಸಿ ಕೈ ಮುಗಿಯುವುದಕ್ಕೆ, ನೆಲಕ್ಕೆ ಅಂಗೈ ಊರಿ ಏಳುವುದಕ್ಕೆ, ರೊಟ್ಟಿ ಬಡಿಯುವುದಕ್ಕೆ ಅದರ ಇಮ್ಮಡಿ ಬೇಕು. ಆದ್ದರಿಂದ ಅಳತೆಪಟ್ಟಿ ಹಿಡಿದು “ನಲವತ್ತು ಆಯಿತು, ಸಾಕು” ಎಂದರೆ ಅಲ್ಲಿಗೇ ನಿಲ್ಲಿಸಬೇಡಿ. ನಿಮ್ಮ ಮನೆಯ ಕೆಲಸಕ್ಕೆ ಎಷ್ಟು ಬೇಕೆಂದು ಹೇಳಿ ಕೇಳಿ.

ಇವನ್ನು ದಿನಕ್ಕೆ ನಾಲ್ಕೈದು ಸಲ, ಪ್ರತಿಯೊಂದನ್ನೂ ಹತ್ತರಂತೆ. ಒಮ್ಮೆಗೇ ಒಂದು ಗಂಟೆ ಮಾಡುವುದಕ್ಕಿಂತ ಹತ್ತು ನಿಮಿಷದಂತೆ ಹಂಚಿ ಮಾಡುವುದು ಲಾಭ. ಮಾಡುವಾಗ ನೋವಾಗುತ್ತದೆ, ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ರಾತ್ರಿಯೂ ಉಳಿದರೆ, ಬೆಳಿಗ್ಗೆ ಊತ ಕಂಡರೆ ಮರುದಿನ ಅರ್ಧಕ್ಕೆ ಇಳಿಸಿ. ಬಿಟ್ಟುಬಿಡಬೇಡಿ.

ರಬ್ಬರು ಚೆಂಡಿನ ವ್ಯಾಮೋಹದ ಬಗ್ಗೆಯೂ ಹೇಳಬೇಕು. ಕೈ ಮುರಿದವರನ್ನು ನೋಡಲು ಬರುವವರಲ್ಲಿ ಒಬ್ಬರಾದರೂ ಚೆಂಡು ತರುತ್ತಾರೆ. ಚೆಂಡು ಒತ್ತಿದರೆ ಬೆರಳ ಹಿಡಿತಕ್ಕೆ ಬಲ ಬರಬಹುದು, ಮಣಿಕಟ್ಟು ಬಾಗುವುದೂ ಇಲ್ಲ, ತಿರುಗುವುದೂ ಇಲ್ಲ. ಮೊದಲು ಚಲನೆ, ಆಮೇಲೆ ಬಲ. ಬಲದ ವ್ಯಾಯಾಮ ಡಾಕ್ಟರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಎಂಟು ವಾರದ ಆಸುಪಾಸಿನಲ್ಲಿ ಶುರುವಾಗುತ್ತದೆ.

ಅಡಿಗೆ ಮನೆಯೇ ವ್ಯಾಯಾಮ ಶಾಲೆ

ವ್ಯಾಯಾಮಕ್ಕೆ ಬೇಸರಪಡುವವರೂ ಮನೆಗೆಲಸಕ್ಕೆ ಬೇಸರಪಡುವುದಿಲ್ಲ. ಕೆಲಸಗಳನ್ನು ಹಗುರದಿಂದ ಭಾರಕ್ಕೆ ಮೆಟ್ಟಿಲು ಕಟ್ಟಿಕೊಂಡರೆ ಕೈ ಗೊತ್ತಾಗದಂತೆ ಮರಳುತ್ತದೆ. ಪ್ಲಾಸ್ಟರ್ ಬಿಚ್ಚಿದ ವಾರದಲ್ಲೇ ಅಕ್ಕಿ ಆರಿಸುವುದು, ಹೂ ಕಟ್ಟುವುದು, ಶೇಂಗಾ ಸುಲಿಯುವುದು, ಬಟ್ಟೆ ಮಡಚುವುದು, ಗುಂಡಿ ಹಾಕುವುದು, ಪುಟ ತಿರುವುವುದು ಆರಂಭವಾಗಲಿ. ಊಟವನ್ನು ಆ ಕೈಯಿಂದಲೇ ಮಾಡಬೇಕು. ಮೊದಲು ಅನ್ನ ಮುದ್ದೆ ಮಾಡಿಕೊಂಡು ಉಂಡರೆ ಸುಲಭ. ಅರ್ಧ ತುಂಬಿದ ಲೋಟ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ.

ಮುಂದಿನ ಮೆಟ್ಟಿಲು ಚಪಾತಿ ಹಿಟ್ಟು. ಮೆತ್ತಗೆ ಕಲಸಿದ, ಒಬ್ಬರಿಗಾಗುವಷ್ಟು ಹಿಟ್ಟು ನಾದುವುದು ಬೆರಳಿಗೂ ಮಣಿಕಟ್ಟಿಗೂ ಒಳ್ಳೆಯದು. ಲಟ್ಟಣಿಗೆ ಎರಡೂ ಕೈಯಿಂದ ನಡೆಯುವುದರಿಂದ ಗಟ್ಟಿ ಕೈ ಭಾರ ಹೊರುತ್ತದೆ, ಇನ್ನೊಂದು ಜೊತೆ ಹೋಗುತ್ತದೆ. ಜೋಳದ ರೊಟ್ಟಿ ಬಡಿಯುವುದು ಮಾತ್ರ ಬಹಳ ಮುಂದಿನ ಮೆಟ್ಟಿಲು. ಅದರಲ್ಲಿ ಅಂಗೈ ಹಿಂದಕ್ಕೆ ಬಾಗಿ, ಬೆರಳು ಚಾಚಿ, ಪ್ರತಿ ಏಟಿನ ಪೆಟ್ಟು ಮಣಿಕಟ್ಟಿಗೇ ತಾಗುತ್ತದೆ. ಸೊಲ್ಲಾಪುರ, ಜತ್ತ ಕಡೆಯ ತಾಯಂದಿರು ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿದವರು, ರೊಟ್ಟಿ ಬಡಿಯಲಾಗದಿದ್ದರೆ ಅಡಿಗೆ ಮನೆಯ ಒಡೆತನವೇ ಕೈತಪ್ಪಿದಂತೆ ಕೊರಗುತ್ತಾರೆ. ಇದು ಸಣ್ಣ ಕೊರಗಲ್ಲ. ಮೂರನೆಯ ತಿಂಗಳ ಸುಮಾರಿಗೆ ಒಂದು ಸಣ್ಣ ರೊಟ್ಟಿ, ದಂಡೆ ದಪ್ಪವಿದ್ದರೂ ಸರಿ, ಅವರೇ ಬಡಿಯಲಿ. ಮನೆಯವರು ಅದನ್ನು ಚೆನ್ನಾಗಿಲ್ಲ ಎನ್ನದೆ ತಿನ್ನಲಿ. ವಾರಕ್ಕೊಂದರಂತೆ ಹೆಚ್ಚಿಸಿದರಾಯಿತು.

ತೆಂಗಿನಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ಬಾವಿ ಸೇದುವುದು, ಕೊಡ ಹೊರುವುದು ಕೊನೆಯ ಸಾಲು. ಹಿಂಡುವುದನ್ನು ಕರವಸ್ತ್ರದಿಂದ ಆರಂಭಿಸಬಹುದು. ನಲ್ಲಿಗೆ ಸುತ್ತಿ ಒಂದೇ ಕೈಯಿಂದ ತಿರುಚುವ ಉಪಾಯವೂ ಇದೆ. ಬಸದಿಯಲ್ಲಿ ಅಭಿಷೇಕ ಮಾಡುವವರು ಕಲಶವನ್ನು ಕಾಲುಭಾಗ ತುಂಬಿಸಿ ಎರಡೂ ಕೈಯಲ್ಲಿ ಹಿಡಿಯಲಿ. ಒದ್ದೆ ಕೈ, ಒದ್ದೆ ನೆಲ, ತುಂಬಿದ ತಾಮ್ರದ ಕಲಶ ಮೂರೂ ಕೂಡಿದರೆ ಮತ್ತೆ ಜಾರುವುದಕ್ಕೆ ಬೇರೆ ಕಾರಣ ಬೇಡ. ನೆಲದಿಂದ ಏಳುವಾಗ ಅಂಗೈ ಊರುವ ಬದಲು ಮುಷ್ಟಿ ಕಟ್ಟಿ ಊರಿದರೆ ಮಣಿಕಟ್ಟು ನೇರವಿರುತ್ತದೆ, ನೋವು ಕಡಿಮೆ. ಅದಕ್ಕೂ ಮೊದಲು ಕೆಲವು ತಿಂಗಳು ಎತ್ತರದ ಮಣೆಯೋ ಸ್ಟೂಲೋ ಬಳಸುವುದು ಮೇಲು.

ಎಡಗೈ ಮುರಿದರೆ “ಎಡಗೈ ತಾನೆ” ಎಂದು ಜನ ಸಮಾಧಾನ ಹೇಳುತ್ತಾರೆ. ಶೌಚದ ಕೆಲಸ ಎಡಗೈಯದೇ ಎಂಬುದನ್ನು ಮರೆತು ಹೇಳುವ ಮಾತದು. ಅದಕ್ಕೆ ಮಣಿಕಟ್ಟು ಅಂಗೈ ಕಡೆಗೆ ಚೆನ್ನಾಗಿ ಮಡಚಬೇಕು, ಮುಂಗೈಯೂ ತಿರುಗಬೇಕು. ಹಿರಿಯರು ಸಂಕೋಚದಿಂದ ಇದನ್ನು ಮಗನ ಹತ್ತಿರವಿರಲಿ, ಡಾಕ್ಟರ ಹತ್ತಿರವೂ ಹೇಳುವುದಿಲ್ಲ. ನೀರು ಕಡಿಮೆ ಕುಡಿಯುತ್ತಾರೆ, ಊಟ ಬಿಡುತ್ತಾರೆ. ಮನೆಯ ಹೆಣ್ಣುಮಕ್ಕಳು ತಾವಾಗಿಯೇ ಕೇಳಿ, ಪೈಪಿನ ನಲ್ಲಿಯೋ ಎತ್ತರದ ಕಮೋಡೋ ಏರ್ಪಾಡು ಮಾಡಿದರೆ ಎಷ್ಟೋ ಉಪಕಾರ.

ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆರನೆಯ ತಿಂಗಳ ಹೊತ್ತಿಗೆ ಬಹುಪಾಲು ಕೆಲಸಗಳು ಮರಳುತ್ತವೆ. ಹಿಡಿತದ ಬಲ ವರ್ಷದವರೆಗೂ, ಅದಕ್ಕೂ ಮುಂದೆಯೂ ನಿಧಾನವಾಗಿ ಹೆಚ್ಚುತ್ತದೆ. ಚಳಿಗಾಲದ ಬೆಳಗ್ಗೆ ಸ್ವಲ್ಪ ಬಿಗಿತ ಉಳಿದರೆ ಅದನ್ನು ರೋಗವೆಂದು ತಿಳಿಯಬೇಕಿಲ್ಲ.

ಆದರೆ ಕೆಲವರಲ್ಲಿ ದಾರಿ ತಪ್ಪುತ್ತದೆ. ಗಾಯಕ್ಕೆ ತಕ್ಕುದಲ್ಲದ ಉರಿನೋವು, ಬಟ್ಟೆ ತಾಗಿದರೂ ಸಹಿಸಲಾಗದ ಚರ್ಮ, ಕೈ ಒಮ್ಮೆ ಕೆಂಪು ಒಮ್ಮೆ ನೀಲಿ, ಬೆವರು, ಹೊಳೆಯುವ ಊತ, ದಿನೇ ದಿನೇ ಬಿರುಸಾಗುವ ಬೆರಳುಗಳು. ಜರ್ಮನಿಯ ಪಾಲ್ ಸುಡೆಕ್ 1900ರಲ್ಲಿ ಇದನ್ನು ವಿವರಿಸಿದ್ದರು, 1994ರಿಂದ ಇದಕ್ಕೆ ಸಿ.ಆರ್.ಪಿ.ಎಸ್. ಎಂಬ ಹೆಸರು. ಇದು ಮನಸ್ಸಿನ ಕಲ್ಪನೆಯಲ್ಲ, ನಾಟಕವೂ ಅಲ್ಲ. ಬೇಗ ಗುರುತಿಸಿದಷ್ಟೂ ಗುಣ. ಇನ್ನೊಂದು, ಎಲ್ಲ ಸರಿಯಾಗುತ್ತಿರುವಾಗ ಒಂದು ದಿನ ಹೆಬ್ಬೆರಳ ತುದಿ ಮೇಲೇಳುವುದೇ ನಿಂತರೆ, ಎಲುಬಿನ ಮೇಲೆ ಉಜ್ಜಿ ಉಜ್ಜಿ ಅದರ ಸ್ನಾಯುರಜ್ಜು ಹರಿದಿರಬಹುದು. ಎಲುಬು ಜರುಗದ ಸಣ್ಣ ಬಿರುಕಿನಲ್ಲೂ ಇದಾಗುತ್ತದೆ. ವ್ಯಾಯಾಮದಿಂದ ಇದು ಸರಿಹೋಗದು, ಮೂಳೆತಜ್ಞರಿಗೇ ತೋರಿಸಬೇಕು.

ಎಲುಬೇಕೆ ಅಷ್ಟು ಸುಲಭವಾಗಿ ಮುರಿಯಿತು?

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಎಲುಬು ಮುರಿದರೆ ಎಲುಬು ಟೊಳ್ಳಾಗಿದೆಯೇ ಎಂದು ನೋಡಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬಿನ ಸುಣ್ಣದಂಶ ಬೇಗ ಕರಗುತ್ತದೆ. ಒಮ್ಮೆ ಮಣಿಕಟ್ಟು ಮುರಿದವರಿಗೆ ಮುಂದೆ ಬೆನ್ನೆಲುಬು, ಸೊಂಟದ ಎಲುಬು ಮುರಿಯುವ ಸಂಭವ ಹೆಚ್ಚು. ಸೊಂಟ ಮುರಿದರೆ ಆಗುವ ಪಾಡು ಮಣಿಕಟ್ಟಿನಂತಲ್ಲ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಂಗಳೂರು, ಕೊಯಮತ್ತೂರು, ಪುಣೆಯಂತಹ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿದೆ. ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ ಸುಮಾರು 120. ಎಳ್ಳು, ನುಗ್ಗೆ ಸೊಪ್ಪು, ಕರಿಬೇವುಗಳಲ್ಲೂ ಧಾರಾಳವಾಗಿದೆ. ಜೋಳದಲ್ಲಿ ಮಾತ್ರ ನೂರು ಗ್ರಾಮಿಗೆ ಮೂವತ್ತೂ ಇಲ್ಲ. ಜೋಳದ ರೊಟ್ಟಿಯ ಸೀಮೆಯವರು ಎಳ್ಳಿನ ಚಟ್ನಿಪುಡಿ, ಮೊಸರು ಬಿಡಬಾರದು, ವಾರದಲ್ಲಿ ಎರಡು ದಿನವಾದರೂ ರಾಗಿ ಇರಲಿ. ಹಾಲು, ಬೇಳೆಗಳಿಂದ ಸಿಗುವ ಪ್ರೋಟೀನೂ ಸೊರಗಿದ ಮುಂಗೈ ತುಂಬಿಕೊಳ್ಳಲು ಬೇಕು.

ಮಾತ್ರೆಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಡಾಕ್ಟರಿಗೆ ಕೇಳಲು ನಾಚಬೇಕಿಲ್ಲ. ಪೇಟೆಯಲ್ಲಿ ಸಿಗುವ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಹಲವು ಸಮುದ್ರದ ಚಿಪ್ಪಿನಿಂದ ತಯಾರಾದವು. ವಿಟಮಿನ್ ಡಿ-ಮೂರು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಮೆತ್ತನೆಯ ಕ್ಯಾಪ್ಸೂಲಿನ ಹೊರಪದರ ಹೆಚ್ಚಾಗಿ ಪ್ರಾಣಿಗಳ ಜೆಲೆಟಿನ್. ಚೀಟಿಯ ಮೇಲಿನ ಅಕ್ಷರ ಓದಿದರೆ, ಔಷಧಿ ಅಂಗಡಿಯವರಿಗೆ ವಿಚಾರಿಸಿದರೆ ಖನಿಜ ಮೂಲದ ಕ್ಯಾಲ್ಸಿಯಂ, ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ-ಮೂರು ಸಿಗುತ್ತವೆ. ಗೊತ್ತಾದ ಮೇಲೆ ಸುಮ್ಮನೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳದಿರುವುದು ಸರಿಯಲ್ಲ, ಬದಲಿ ಕೇಳಬೇಕು.

ಏಕಾಶನ, ಉಪವಾಸ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆಗೇ ಚೆನ್ನಾಗಿ ಹಿಡಿಯುತ್ತದೆ, ಅದೂ ಒಂದು ಸಲಕ್ಕೆ 500 ಮಿಲಿಗ್ರಾಂ ತನಕ. ದಿನಕ್ಕೆ ಒಂದೇ ಊಟವೆಂದಾದರೆ ಎರಡು ಮಾತ್ರೆಯನ್ನು ಒಟ್ಟಿಗೆ ನುಂಗಿ ಲೆಕ್ಕ ಸರಿಮಾಡಲು ಆಗುವುದಿಲ್ಲ. ವ್ರತದ ದಿನಗಳು ಯಾವುವು, ಊಟ ಯಾವ ಹೊತ್ತಿಗೆ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಪ್ಲಾಸ್ಟರ್ ಬಿಚ್ಚಲು ಹೋಗುವ ದಿನವೇ ಡಾಕ್ಟರಿಗೆ ಕೊಡಿ. ಅದರ ಹಿಂಬದಿಯಲ್ಲಿ ಈ ಮೂರು ಪ್ರಶ್ನೆ ಬರೆದಿರಲಿ: ಭಾರ ಎತ್ತುವುದು ಎಂದಿನಿಂದ? ಎಲುಬಿನ ಪರೀಕ್ಷೆ ಬೇಕೇ? ಕೈ ತೋರಿಸಲು ಮತ್ತೆ ಯಾವಾಗ ಬರಬೇಕು?